ಮೂಲೆ ಕತ್ತರಿಸಿದ ಕಾರ್ಡು

ಪತ್ರಿಕೆಯ ಎರಡನೇ ಪುಟದಲ್ಲಿ, ಹವಾಮಾನದ ಕೆಳಗೆ, 'ಈ ದಿನ' ಎಂಬ ಒಂದು ಸಣ್ಣ ಚೌಕ ಬರುತ್ತಿತ್ತು. ಎಂಟೇ ಸಾಲು. ಇವತ್ತಿನ ತಾರೀಖಿಗೆ ಹಿಂದೆ ಯಾವ ವರ್ಷ ಏನಾಯಿತು, ಯಾರು ಹುಟ್ಟಿದರು, ಯಾರು ಹೋದರು, ಇಷ್ಟೇ ವಿಷಯ. ಕಾಫಿ ಕುಡಿಯುತ್ತಾ ಓದಿ, ಲೋಟ ಕೆಳಗಿಡುವಷ್ಟರಲ್ಲಿ ಮರೆಯುವಂಥದ್ದು. ಆ ಎಂಟು ಸಾಲನ್ನು ಮೂವತ್ತೊಂದು ವರ್ಷ ಒಬ್ಬನೇ ಮನುಷ್ಯ ಬರೆದ. ಕಚೇರಿಯಲ್ಲಿ ಅವನಿಗೆ ತಾರೀಖಪ್ಪ ಎಂದೇ ಹೆಸರು. ಸಂಪಾದಕರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನಿಗೂ ಅದು ಬೇಸರವಿರಲಿಲ್ಲ. ಬೇಸರವೇನು ಬಂತು, ಒಳಗೊಳಗೇ ಹಿಗ್ಗು.

ಅವನ ಮೇಜಿನ ಹಿಂದೆ ಗೋಡೆಯುದ್ದಕ್ಕೂ ಒಂದು ಮರದ ಬೀರು. ಹನ್ನೆರಡು ಡ್ರಾಯರ್, ಮುನ್ನೂರ ಅರವತ್ತಾರು ಗೂಡು. ಗೂಡಿನೊಳಗೆ ಕಾರ್ಡುಗಳು, ಘಟನೆಗೊಂದು, ಒಬ್ಬೊಬ್ಬರಿಗೆ ಒಂದೊಂದು. ಹುಟ್ಟಿದ ತಾರೀಖಿನ ಗೂಡಿನಲ್ಲಿ ಹುಟ್ಟಿದ ಕಾರ್ಡು. ಆ ಮನುಷ್ಯ ತೀರಿಕೊಂಡ ಸುದ್ದಿ ಬಂದರೆ ತಾರೀಖಪ್ಪ ಕತ್ತರಿ ತೆಗೆದು ಆ ಕಾರ್ಡಿನ ಬಲಮೂಲೆಯನ್ನು ಕಚಕ್ಕನೆ ಕತ್ತರಿಸುತ್ತಿದ್ದ. ಹಿಂಭಾಗದಲ್ಲಿ 'ನಿಧನ' ಎಂದು ಬರೆದು ತಾರೀಖು ಹಾಕುತ್ತಿದ್ದ. ಆಮೇಲೆ ಸತ್ತ ದಿನದ ಗೂಡಿಗೆ ಇನ್ನೊಂದು ಕಾರ್ಡು ಬರೆದು ಸೇರಿಸುತ್ತಿದ್ದ. ಮೂಲೆ ಇದ್ದವರಿಗೆ ಹುಟ್ಟುಹಬ್ಬದ ಶುಭಾಶಯ, ಮೂಲೆ ಇಲ್ಲದವರಿಗೆ ನೆನಪಿನ ಸಾಲು. ಪಟ್ಟಿ ಮಾಡುವಾಗ ಬೆರಳಲ್ಲಿ ಮುಟ್ಟಿದರೇ ಸಾಕು, ಬದುಕಿದ್ದಾರೋ ಇಲ್ಲವೋ ತಿಳಿಯುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಆ ಚೌಕಕ್ಕೆ ಒಂದೇ ಒಂದು ತಿದ್ದುಪಡಿ ಬಂದಿರಲಿಲ್ಲ. ಯಾರಾದರೂ ಏನಾದರೂ ಕೇಳಿದಾಗ ಪಕ್ಕದ ಮೇಜಿನವರು "ಗೊತ್ತಿಲ್ಲ" ಎಂದರೆ ಇವನು ಕನ್ನಡಕದ ಮೇಲಿಂದ ನೋಡಿ, "ಗೊತ್ತಿಲ್ಲ ಅನ್ನೋದು ಈ ಟೇಬಲ್ಲಿನ ಮಾತಲ್ಲ" ಎನ್ನುತ್ತಿದ್ದ.

ಪ್ರತಿ ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ಮುಂದಿನ ತಿಂಗಳ ಪಟ್ಟಿ ಪೂರ್ತಿ ಸಿದ್ಧವಾಗಬೇಕು. ನವೆಂಬರಿನದು ಅವನಿಗೆ ಬಾಯಿಪಾಠ. ಮೂರಕ್ಕೆ ನಾಯಿಯೊಂದು ಬಾಹ್ಯಾಕಾಶಕ್ಕೆ ಹೋಗಿದ್ದು. ಏಳಕ್ಕೆ ಎರಡು ಸಲ ನೊಬೆಲ್ ಪಡೆದ ವಿಜ್ಞಾನಿ ಹುಟ್ಟಿದ್ದು. ಎಂಟಕ್ಕೆ ಎಕ್ಸ್‌ರೇ ಕಂಡುಹಿಡಿದಿದ್ದು. ಒಂಬತ್ತಕ್ಕೆ ಎರಡು ಹೋಳಾಗಿದ್ದ ಊರಿನ ಗೋಡೆ ತೆರೆದಿದ್ದು. ಹದಿನೇಳಕ್ಕೆ ಎರಡು ಸಮುದ್ರ ಸೇರಿಸುವ ಕಾಲುವೆಯಲ್ಲಿ ಹಡಗು ಹಾದಿದ್ದು. ಇಪ್ಪತ್ತಮೂರಕ್ಕೆ, ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ ಮೊದಲ ಸಲ ಹಾಡಿದ್ದು. ಆ ಇಪ್ಪತ್ತಮೂರನೇ ಗೂಡಿನಲ್ಲಿ ಪೆಟ್ಟಿಗೆಯ ಕಾರ್ಡಿನ ಹಿಂದೆ ಇನ್ನೊಂದು ಕಾರ್ಡು ಇತ್ತು. ಅದು ಅವನ ಹೆಂಡತಿಯದು.

ನಗಬೇಡಿ. ಅವಳು ಆ ಬೀರುವಿಗೆ ಬಂದಾಗ ಇವನಿನ್ನೂ ಆ ಕಚೇರಿಗೇ ಬಂದಿರಲಿಲ್ಲ. ಇಪ್ಪತ್ತನೇ ವಯಸ್ಸಿಗೆ ಅವಳು ಸಮುದ್ರದ ಕೊಲ್ಲಿಯನ್ನು ಈ ದಡದಿಂದ ಆ ದಡಕ್ಕೆ ಒಂಬತ್ತು ಗಂಟೆ ನಲವತ್ತು ನಿಮಿಷದಲ್ಲಿ ಈಜಿದ್ದಳು. ಅದಕ್ಕೆ ಮೊದಲು ಯಾವ ಹೆಂಗಸೂ ಅದನ್ನು ದಾಟಿರಲಿಲ್ಲ. ಮುಂಚೆ ಆ ಚೌಕ ನೋಡಿಕೊಳ್ಳುತ್ತಿದ್ದ ಹಳೇ ಯಜಮಾನರು ತಮ್ಮ ದುಂಡಕ್ಷರದಲ್ಲಿ ಅವಳ ಕಾರ್ಡು ಬರೆದಿಟ್ಟಿದ್ದರು. ಏಳು ವರ್ಷದ ಮೇಲೆ, ಹುಟ್ಟಿದ ತಾರೀಖು ಸರಿಯೇ ಎಂದು ವಿಚಾರಿಸಿಕೊಂಡು ಬಾ ಅಂತ ಹೊಸದಾಗಿ ಸೇರಿದ್ದ ತಾರೀಖಪ್ಪನನ್ನು ಅವಳ ಮನೆಗೆ ಕಳಿಸಿದರು. ವಿಚಾರಿಸಲು ಹೋದವನು ಮೂರು ಸಲ ಹೋದ. ನಾಲ್ಕನೇ ಸಲ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದ.

ಮದುವೆಯ ದಿನವೇ ಅವನ ಹಿಗ್ಗಿಗೆ ಕಲ್ಲು ಬಿತ್ತು. ಬಂದವರೆಲ್ಲ ಅವಳ ಸುತ್ತ. ಇವನ ಕಡೆಯ ನೆಂಟರೂ ಅವಳ ಹಸ್ತಾಕ್ಷರ ಕೇಳುವವರೇ. ಸಂಪಾದಕರು ಯಾರಿಗೋ ಇವನನ್ನು ಪರಿಚಯ ಮಾಡಿಸುತ್ತಾ, "ಇವರ್ಯಾರು ಗೊತ್ತಾಯ್ತಾ? ಕೊಲ್ಲಿ ಈಜಿದ ಹುಡುಗಿಯ ಗಂಡ" ಎಂದುಬಿಟ್ಟರು. ಪಾಪ, ಒಳ್ಳೆಯ ಮಾತು ಅಂತಲೇ ಆಡಿದ್ದು. ಇವನು ನಕ್ಕ. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಹೊಕ್ಕಿತು, ಕೊನೆಯವರೆಗೂ ಈಚೆ ಬರಲಿಲ್ಲ.

ಎರಡು ವರ್ಷಕ್ಕೆ ಹಳೇ ಯಜಮಾನರು ನಿವೃತ್ತರಾಗಿ ಚೌಕ ಇವನ ಕೈಗೆ ಬಂತು. ಆ ನವೆಂಬರ್ ಇಪ್ಪತ್ತಮೂರರ ಬೆಳಿಗ್ಗೆ ಅವಳು ಬಾಗಿಲಲ್ಲೇ ನಿಂತು ಪೇಪರ್ ಬಿಡಿಸಿದಳು. ಹಿಂದಿನ ವರ್ಷಗಳಲ್ಲೆಲ್ಲ ಹೆಸರು ಬಂದಿತ್ತು. ಈಗಂತೂ ಗಂಡನೇ ಬರೆಯುವವನು, ಇನ್ನೇನು ಕೇಳಬೇಕು! ನೋಡಿದರೆ ಹಾಡುವ ಪೆಟ್ಟಿಗೆ.

"ರೀ, ನನ್ನ ಹೆಸ್ರು ಬಿಟ್ಟುಹೋಗಿದೆ" ಎಂದಳು.

"ಬಿಟ್ಟುಹೋಗಿಲ್ಲ, ಬಿಟ್ಟಿದ್ದೀನಿ. ಮನೆಯವರನ್ನ ಹಾಕ್ಕೊಂಡ್ರೆ ನಾಳೆ ಜನ ಏನಂತಾರೆ?"

"ನಾನು ಈಜಿದ್ದು ನಿಮ್ಮ ಮನೆಯವಳಾಗೋಕೆ ಮುಂಚೆ ಅಲ್ವೇನ್ರೀ?"

"ಎಂಟು ಸಾಲು ಕಣೆ ಇರೋದು. ಜಾಗ ಇಲ್ಲ."

"ನಾಯಿಗಿರೋ ಜಾಗ ನನಗಿಲ್ವಾ?" ಎಂದು ನಕ್ಕಳು. ಆಗ ಅವಳಿಗೆ ನಗು ಇನ್ನೂ ಬರುತ್ತಿತ್ತು.

"ನಾಯಿ ಬಾಹ್ಯಾಕಾಶಕ್ಕೆ ಹೋಗಿತ್ತು" ಎಂದು ಇವನು ಬಚ್ಚಲಿಗೆ ಹೋದ.

ಮುಂದಿನ ವರ್ಷವೂ ಕೇಳಿದಳು, ಅದರ ಮುಂದಿನ ವರ್ಷವೂ ಕೇಳಿದಳು. ಆಮೇಲೆ ಕೇಳುವುದು ಬಿಟ್ಟಳು, ನೋಡುವುದು ಬಿಡಲಿಲ್ಲ. ಪ್ರತಿ ನವೆಂಬರ್ ಇಪ್ಪತ್ತಮೂರಕ್ಕೆ, ಒಲೆ ಹಚ್ಚುವ ಮುಂಚೆ, ಎರಡನೇ ಪುಟ ತೆರೆದು ಒಂದು ಕ್ಷಣ ನಿಂತು, ಮಡಚಿ, ಅವನ ಕುರ್ಚಿಯ ಮೇಲಿಟ್ಟು ಹೋಗುತ್ತಿದ್ದಳು. ತಾರೀಖಪ್ಪ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಅರೆಗಣ್ಣಿನಲ್ಲಿ ಅದನ್ನು ನೋಡುತ್ತಿದ್ದ. ಅವನಿಗೆ ಹಿತವಾಗುತ್ತಿತ್ತು. ಹೌದ್ರೀ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ, ಹಿತವಾಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಇಂಥವರನ್ನು ಕಂಡೇ ಅಂದಿರಬೇಕು. ಎಲ್ಲೋ ಮುನ್ನೂರು ವರ್ಷದ ಹಿಂದೆ ಗಡಿಯಾರ ರಿಪೇರಿ ಮಾಡಿದವನ ಹುಟ್ಟುಹಬ್ಬವನ್ನು ಊರಿಗೆಲ್ಲ ಸಾರುವ ಗಂಡಸು, ಹೆಂಡತಿಯ ಹುಟ್ಟಿದ ದಿನ ಅವಳೇ ಮಾಡಿದ ತಿಂಡಿ ತಿಂದು, ಉಪ್ಪು ಕಮ್ಮಿ ಎಂದು ಹೇಳಿ ಹೋಗುತ್ತಿದ್ದ.

ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಭಾನುವಾರ ಈಜುಕೊಳದ ಮೇಷ್ಟ್ರು ಮನೆ ಹುಡುಕಿಕೊಂಡು ಬಂದರು. ಹೆಣ್ಣುಮಕ್ಕಳಿಗೆ ಈಜು ಕಲಿಸಲು ಒಬ್ಬರು ಬೇಕಾಗಿತ್ತು.

"ನಿಮ್ಮಂಥವರು ಒಪ್ಪಿದ್ರೆ ನಮ್ಮ ಪುಣ್ಯ ಮೇಡಂ. ದಿನಾ ಎರಡು ಗಂಟೆ ಬಂದ್ರೆ ಸಾಕು" ಎಂದರು.

ಅವಳ ಮುಖ ಅರಳಿದ್ದು ಕಂಡು ಮಗಳಿಗೇ ಆಶ್ಚರ್ಯವಾಯಿತು. ಅಮ್ಮನ ಅಂಥ ಮುಖವನ್ನು ಅವಳು ನೋಡಿರಲಿಲ್ಲ. ಹೆಂಡತಿ ಬಾಯಿ ತೆರೆಯುವ ಮುಂಚೆಯೇ ತಾರೀಖಪ್ಪ ಜೋರಾಗಿ ನಕ್ಕ.

"ಅಯ್ಯೋ ಮೇಷ್ಟ್ರೇ, ನಿಮಗೆ ಇವಳೇ ಸಿಕ್ಕಿದ್ಲಾ? ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾಳೆ. ಇವಳು ಇಳಿದ್ರೆ ಕೊಳದ ನೀರೆಲ್ಲಾ ಆಚೆ ಬರುತ್ತೆ. ಹುಡುಗಿ ಬೇಕಾದ್ರೆ ಹುಡುಗೀನ ಹುಡುಕಿ."

ಮೇಷ್ಟ್ರು ತಲೆ ತಗ್ಗಿಸಿ, ಕೊಟ್ಟ ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದರು. ಅವಳು ಆ ಅರ್ಧ ಲೋಟ ಎತ್ತಿಕೊಂಡು, ಮಗಳ ಎದುರಿಗೇ, ಧ್ವನಿ ಏರಿಸದೆ ಹೇಳಿದಳು:

"ನೀರಲ್ಲಿ ಇದ್ದಷ್ಟು ದಿನ ನಾನು ಬದುಕಿದ್ದೆ. ಈ ಮನೆಗೆ ಬಂದ ಮೇಲೆ ಸತ್ತೆ."

ಮಾರನೇ ದಿನ, ಜೂನ್ ಹನ್ನೆರಡು, ತಾರೀಖಪ್ಪ ಕಚೇರಿಗೆ ಬಂದು ನೇರ ನವೆಂಬರಿನ ಡ್ರಾಯರ್ ಎಳೆದ. 'ತಾನೇ ಬಾಯಿಬಿಟ್ಟು ಹೇಳಿದ್ಲಲ್ಲ' ಎಂದುಕೊಂಡು ಅವಳ ಕಾರ್ಡಿನ ಬಲಮೂಲೆಯನ್ನು ಕತ್ತರಿಸಿದ. ಹಿಂಭಾಗದಲ್ಲಿ 'ನಿಧನ' ಎಂದು ಬರೆದು, ಅವತ್ತಿನ ತಾರೀಖು, ಇಸವಿ ಹಾಕಿದ. ಅಷ್ಟರಲ್ಲಿ ಚಹಾ ಬಂತು. ಕುಡಿದ. ಕೋಪ ಇಳಿಯಿತು. ಇನ್ನೊಂದು ಕಾರ್ಡು ಬರೆಯುವ ಗೋಜಿಗೆ ಹೋಗದೆ ಇದನ್ನು ಪೆಟ್ಟಿಗೆಯ ಹಿಂದೆ ತೂರಿಸಿ ಡ್ರಾಯರ್ ಮುಚ್ಚಿದ. ವಾರ ಕಳೆಯುವುದರೊಳಗೆ ಅದನ್ನು ಮರೆತೂಬಿಟ್ಟ. ಆ ಕಾರ್ಡನ್ನು ಅವನು ಎಂದೂ ಹೊರಗೆ ತೆಗೆಯುತ್ತಿರಲಿಲ್ಲವಾದ್ದರಿಂದ ನೆನಪಾಗುವ ಸಂದರ್ಭವೂ ಬರಲಿಲ್ಲ.

ಹತ್ತೊಂಬತ್ತು ವರ್ಷ ಹೋಯಿತು. ಮಗಳು ಕೆಲಸ ಹಿಡಿದು, ಮದುವೆಯಾಗಿ, ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಮನೆ ಮಾಡಿದಳು. ತಾರೀಖಪ್ಪನಿಗೆ ಅರವತ್ತು ತುಂಬಿ ಸೆಪ್ಟೆಂಬರ್ ಕೊನೆಗೆ ನಿವೃತ್ತಿ ಎಂದಾಯಿತು. ಅವನ ಜಾಗಕ್ಕೆ ಬಂದವಳು ಎಂ.ಎ. ಮಾಡಿದ್ದ, ಮಾತು ಕಮ್ಮಿ ಕೆಲಸ ಜಾಸ್ತಿ ಎನ್ನುವಂಥ ಹೆಣ್ಣುಮಗಳು. ಎರಡು ತಿಂಗಳು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರೆದು ಕುಡಿಸಿದ.

"ನೋಡಮ್ಮ, ಮೂಲೆ ಇದ್ರೆ ಇದ್ದಾರೆ, ಇಲ್ದಿದ್ರೆ ಇಲ್ಲ. ಯಾರಾದ್ರೂ ಬಂದು ನೂರು ಹೇಳಲಿ, ಯಾರ ಮಾತೂ ನಂಬಬೇಡ. ಮೂಲೆನ ನಂಬು. ಆಮೇಲೆ ಇನ್ನೊಂದು. ಗೊತ್ತಿಲ್ಲ ಅನ್ನೋದು ಈ ಟೇಬಲ್ಲಿನ ಮಾತಲ್ಲ."

"ಸರಿ ಸರ್" ಎಂದು ಅವಳು ಅದನ್ನು ಬರೆದುಕೊಂಡಳು.

ಅದೇ ವರ್ಷ ಆಗಸ್ಟಿನಲ್ಲಿ ಹೆಂಡತಿಗೆ ಉಸಿರು ಕಟ್ಟಲು ಶುರುವಾಯಿತು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರು ಡಾಕ್ಟರು. ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದ ಮಗಳನ್ನು ಆಚೆ ಕರೆದು, ಮುಂದಿನ ಬೇಸಿಗೆ ನೋಡುವುದು ಕಷ್ಟ ಎಂದರು. ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗೂ ಇರಲಿಲ್ಲ, ಉಸಿರಿನ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಬೆಳಿಗ್ಗೆ ಮೂರು ದಿಂಬಿಗೆ ಒರಗಿ ಕೂತಿದ್ದವಳು, ಇಪ್ಪತ್ತೈದು ವರ್ಷಕ್ಕೂ ಮೇಲೆ ಆಡದಿದ್ದ ಮಾತನ್ನು ಮತ್ತೆ ಆಡಿದಳು.

"ರೀ. ಈ ನವೆಂಬರಿಗೆ ನನಗೆ ಅರವತ್ತು. ಒಂದೇ ಒಂದ್ಸಲ ಹಾಕಿಸ್ತೀರಾ?"

"ನವೆಂಬರ್ ಪಟ್ಟಿ ನನ್ನ ಕೈಲಿಲ್ಲ. ನಾನು ಸೆಪ್ಟೆಂಬರಿಗೇ ಆಚೆ."

"ಹೇಳಿ ಬಂದ್ರೆ ಹಾಕಲ್ವಾ?"

ಅವನು ಚಪ್ಪಲಿ ಮೆಟ್ಟತೊಡಗಿದ. ಬಟ್ಟೆ ಮಡಚುತ್ತಿದ್ದ ಮಗಳು ಬಟ್ಟೆಯನ್ನು ಅಲ್ಲೇ ಬಿಸಾಕಿದಳು.

"ಅಪ್ಪಾ, ಎಂಟು ಸಾಲಲ್ಲಿ ಒಂದು ಸಾಲು! ನಿಮ್ಮ ಗಂಟೇನು ಹೋಗುತ್ತೆ? ಈಗ್ಲಾದ್ರೂ ಅಮ್ಮನ ಒಂದು ಆಸೆ ತೀರಿಸಿ!"

"ಆಯ್ತು ಆಯ್ತು, ಹೇಳ್ತೀನಿ. ಕೂಗಾಡಬೇಡ" ಎಂದ ತಾರೀಖಪ್ಪ. ಎಷ್ಟು ದೊಡ್ಡ ಮನಸ್ಸು ನನ್ನದು ಎಂದು ಅವತ್ತೆಲ್ಲ ಅವನಿಗೆ ಅನ್ನಿಸುತ್ತಿತ್ತು. ಹೆಂಡತಿ ಮಾತ್ರ ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಕಳೆದ ದಿನಗಳಿಗೆ ಗೀಟು ಹೊಡೆಯತೊಡಗಿದಳು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಊಟ ಸೇರದಿದ್ದರೂ ನುಂಗುತ್ತಿದ್ದಳು. ಇಪ್ಪತ್ತಮೂರರವರೆಗೆ ಇರಬೇಕು ಎನ್ನುವುದೊಂದೇ ಹಟ.

ಬೀಳ್ಕೊಡುಗೆಯ ದಿನ ಹಾರ, ಭಾಷಣ, ಫೋಟೋ ಎಲ್ಲ ಮುಗಿದ ಮೇಲೆ ಅವನು ಹೊಸಬಳ ಹತ್ತಿರ ಬಂದ. "ನನ್ನ ಹೆಂಡತಿ" ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಹೇಳಿದರೆ ಮತ್ತೆ ಆ ಮಾತು ಬರುತ್ತದಲ್ಲ, ಈಜಿದವಳ ಗಂಡ ಅಂತ.

"ನವೆಂಬರ್ ಇಪ್ಪತ್ತಮೂರರಲ್ಲಿ ಪೆಟ್ಟಿಗೆ ಹಿಂದೆ ಒಬ್ಬ ಈಜುಗಾರ್ತಿ ಕಾರ್ಡಿದೆ. ಈ ಸಲ ಬಿಡಬೇಡ, ಹಾಕು" ಎಂದ. ಡ್ರಾಯರ್ ಕೈಯಳತೆಯಲ್ಲೇ ಇತ್ತು. ಎಳೆದು ಒಮ್ಮೆ ನೋಡಬಹುದಿತ್ತು. ಎಳೆಯಲಿಲ್ಲ. ಹಾರ ಹಿಡಿದುಕೊಂಡು ಮನೆಗೆ ಹೋದ.

ನವೆಂಬರ್ ಇಪ್ಪತ್ತಮೂರು ಬಂತು, ಅವಳೂ ಇದ್ದಳು. ಮಗಳು ಹಿಂದಿನ ದಿನವೇ ಬಂದಿದ್ದಳು. ಬೆಳಿಗ್ಗೆ ಬೇಗ ಎದ್ದು ಅಮ್ಮನ ಮುಖ ತೊಳೆಸಿ, ತಲೆ ಬಾಚಿ, ಕಿಟಕಿಯ ಹತ್ತಿರ ಕೂರಿಸಿದಳು. ಪೇಪರ್ ಬಿದ್ದ ಸದ್ದಿಗೆ ತಾರೀಖಪ್ಪನೇ ಹೋಗಿ ಎತ್ತಿಕೊಂಡು ಬಂದ. ತಾನು ಬಿಡಿಸಿಯೂ ನೋಡದೆ, ದೊಡ್ಡ ಉಡುಗೊರೆ ಕೊಡುವವನ ಹಾಗೆ ಅವಳ ಮಡಿಲಿಗಿಟ್ಟ.

"ತಗೋ. ನಾನು ಮಾತು ಕೊಟ್ರೆ ಕೊಟ್ಟ ಹಾಗೆ."

ಅವಳು ಕನ್ನಡಕ ಹಾಕಿಕೊಂಡು ಎರಡನೇ ಪುಟ ತೆರೆದಳು. ಹೆಸರು ಇತ್ತು. ಕೊಲ್ಲಿ ಇತ್ತು. ಒಂಬತ್ತು ಗಂಟೆ ನಲವತ್ತು ನಿಮಿಷವೂ ಇತ್ತು. ಹೆಸರಿನ ಹಿಂದೆ 'ದಿವಂಗತ' ಎಂಬ ನಾಲ್ಕಕ್ಷರವೂ ಇತ್ತು. ಕೊನೆಗೆ, ಹತ್ತೊಂಬತ್ತು ವರ್ಷದ ಹಿಂದಿನ ಇಸವಿ ಹಾಕಿ, 'ಆ ವರ್ಷ ಜೂನ್ ಹನ್ನೆರಡರಂದು ನಿಧನರಾದರು' ಎಂದು ಅಚ್ಚಾಗಿತ್ತು.

ಅವಳು ಎರಡು ಸಲ ಓದಿದಳು. ಪೇಪರನ್ನು ಮಗಳ ಕೈಗೆ ಕೊಟ್ಟಳು. ಮಗಳು ಓದಿ "ಅಯ್ಯಯ್ಯೋ!" ಎಂದು ಬಾಯಿ ಮುಚ್ಚಿಕೊಂಡಳು. ಆಗ ತಾರೀಖಪ್ಪ ಕಿತ್ತುಕೊಂಡು ನೋಡಿದ. ನೋಡಿದವನೇ ರೇಗಿ ಕುಣಿದ.

"ಆ ಹುಡುಗಿಗೆ ತಲೆ ಇದೆಯಾ ಇಲ್ವಾ! ಮೂವತ್ತೊಂದು ವರ್ಷದ ನನ್ನ ಹೆಸ್ರನ್ನ ಎರಡೇ ತಿಂಗಳಲ್ಲಿ ಮಣ್ಣುಪಾಲು ಮಾಡಿದ್ಲಲ್ಲ!"

ಕೇಳಿಸಿತಾ? ಆಗಲೂ ಅವನಿಗೆ ಅವನ ಹೆಸರೇ ದೊಡ್ಡದು. ಫೋನು ಹಚ್ಚಿ, "ನೀನು ಸತ್ತಳು ಅಂತ ಹಾಕಿದ್ದು ನನ್ನ ಹೆಂಡತೀನ ಕಣಮ್ಮ, ಇಲ್ಲೇ ಕೂತಿದ್ದಾಳೆ ಬಂದು ನೋಡು" ಎಂದು ಬಾಯಿಗೆ ಬಂದಂತೆ ಬೈದ. ಅಷ್ಟು ಹೊತ್ತಿಗೆ ಪೇಪರ್ ಓದಿದ ಮೇಲಿನ ಮನೆಯವರು, ಎದುರು ಮನೆಯವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಇಣುಕಿ, ಅವಳು ಕೂತಿರುವುದು ನೋಡಿ, ಬಂದ ಕಾಲಲ್ಲೇ ಹಿಂದಿರುಗಿದರು.

ಒಂದು ಗಂಟೆಯೊಳಗೆ ಹೊಸಬಳು ಓಡೋಡಿ ಬಂದಳು. ಅಳುತ್ತಿದ್ದಳು. ಕೈಯಲ್ಲಿ ಕಾರ್ಡು ಇತ್ತು.

"ಕ್ಷಮಿಸಿ ಮೇಡಂ, ದಯವಿಟ್ಟು ಕ್ಷಮಿಸಿ. ನೀವು ಸರ್ ಮನೆಯವರು ಅಂತ ನನಗೆ ಗೊತ್ತೇ ಇರ್ಲಿಲ್ಲ. ಕಾರ್ಡಿಗೆ ಮೂಲೆ ಇಲ್ಲ, ನೋಡಿ. ಹಿಂದೆ ತಾರೀಖೂ ಇದೆ. ಮೂಲೆನ ನಂಬು ಅಂತ ಸರ್ರೇ ಹೇಳಿದ್ರು..."

ತಾರೀಖಪ್ಪ ಕೈಚಾಚಿದ. ಹೆಂಡತಿ ಅದಕ್ಕೂ ಮುಂಚೆ ಕಾರ್ಡು ತೆಗೆದುಕೊಂಡಳು. ಮುಂಭಾಗದಲ್ಲಿ ಹಳೇ ಯಜಮಾನರ ದುಂಡಕ್ಷರ. ತಿರುಗಿಸಿದಳು. ಹಿಂಭಾಗದ್ದು ಇರುವೆಯಂಥ ಅಕ್ಷರ, ಮೂವತ್ತಮೂರು ವರ್ಷದಿಂದ ಸಾಮಾನಿನ ಚೀಟಿಯಲ್ಲಿ, ಮಗಳ ಶಾಲೆಯ ಪುಸ್ತಕದಲ್ಲಿ ನೋಡಿದ ಅಕ್ಷರ.

"ಜೂನ್ ಹನ್ನೆರಡು" ಎಂದಳು. "ಈಜುಕೊಳದ ಮೇಷ್ಟ್ರು ಬಂದಿದ್ರಲ್ಲ, ಅದರ ಮಾರನೇ ದಿನ."

ತಾರೀಖಪ್ಪನಿಗೆ ಎಲ್ಲ ಒಟ್ಟಿಗೇ ನೆನಪಾಯಿತು. ಕತ್ತರಿ, ಚಹಾ, ಮುಚ್ಚಿದ ಡ್ರಾಯರ್.

"ಅದು... ಕೋಪದಲ್ಲಿ ಕಣೆ... ತಮಾಷೆಗೆ..."

"ಹತ್ತೊಂಬತ್ತು ವರ್ಷ ಆಯ್ತು ನಾನು ಸತ್ತು" ಎಂದಳು ಅವಳು. ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಎಳೆದುಕೊಂಡಳು. "ಹಾಗಾದ್ರೆ ಇಷ್ಟು ವರ್ಷ ನಿಮಗೆ ಬೇಯಿಸಿ ಹಾಕಿದ್ದು ಯಾರ್ರೀ?"

ಹೊಸಬಳು, "ನಾಳೆ ತಿದ್ದುಪಡಿ ಹಾಕ್ತೀನಿ ಮೇಡಂ, ಮೊದಲ ಪುಟದಲ್ಲೇ ಹಾಕಿಸ್ತೀನಿ" ಎಂದಳು.

"ಬೇಡಮ್ಮ. ಅಳಬೇಡ, ನಿನ್ನ ತಪ್ಪೇನಿಲ್ಲ. ಒಂಬತ್ತು ಗಂಟೆ ನಲವತ್ತು ನಿಮಿಷ, ಒಂದು ನಿಮಿಷವೂ ಹೆಚ್ಚುಕಮ್ಮಿ ಇಲ್ದೆ ಹಾಕಿದ್ದೀಯ. ನನಗಷ್ಟೇ ಬೇಕಾಗಿದ್ದು" ಎಂದು ಅವಳ ಕೈ ತಟ್ಟಿದಳು. ಕಾರ್ಡನ್ನು ಮೇಜಿನ ಮೇಲೆ, ಅವನ ತಟ್ಟೆಯ ಪಕ್ಕ ಇಟ್ಟಳು. ಮಗಳ ಕಡೆ ತಿರುಗಿ, "ಗಾಡಿ ತರಿಸು. ನಿನ್ನ ಮನೆಗೆ ಹೋಗೋಣ" ಎಂದಳು. ಮಧ್ಯಾಹ್ನದ ಹೊತ್ತಿಗೆ ಮನೆ ಖಾಲಿಯಾಗಿತ್ತು.

ತಾರೀಖಪ್ಪ ಒಂದು ಸಲ ಅಲ್ಲಿಗೆ ಹೋದ. ಮಗಳು ಹೊರಗಿನ ಕುರ್ಚಿಯಲ್ಲೇ ಕೂರಿಸಿ ಚಹಾ ಕೊಟ್ಟಳು. ಒಳಗಿನ ಬಾಗಿಲು ಮುಚ್ಚಿತ್ತು. ಬಾಗಿಲಾಚೆ ಕೆಮ್ಮುವುದು ಕೇಳಿಸುತ್ತಿತ್ತು. ಅರ್ಧ ದಿನ ಕೂತು, ಎದ್ದು ಬಂದ. ಆಮೇಲೆ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ. "ಮಲಗಿದ್ದಾರೆ" ಎಂದು ಮಗಳು ಇಡುತ್ತಿದ್ದಳು. ಜನವರಿಯಲ್ಲಿ ಮೂರು ಭಾನುವಾರ ಅವಳು ಫೋನನ್ನೇ ಎತ್ತಲಿಲ್ಲ. ನಾಲ್ಕನೇ ಭಾನುವಾರ ಎತ್ತಿದಳು.

"ಅಮ್ಮ ಹೋದ್ರು. ಎಲ್ಲಾ ಮುಗೀತು."

"ನನಗ್ಯಾಕೆ ಹೇಳ್ಲಿಲ್ಲ? ನಾನು ಗಂಡ ಕಣೆ!"

"ಹೇಳಬೇಡ ಅಂದಿದ್ರು. 'ನಿಮ್ಮಪ್ಪನ ಪ್ರಕಾರ ನಾನು ಹೋಗಿ ಹತ್ತೊಂಬತ್ತು ವರ್ಷ ಆಯ್ತು, ಎರಡೆರಡು ಸಲ ಯಾಕೆ ತಿಳಿಸ್ತೀಯ' ಅಂದ್ರು."

"ಯಾವತ್ತು ಹೋದ್ಲು? ತಾರೀಖಾದ್ರೂ ಹೇಳೇ."

ಮಗಳು ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಿಮ್ಮ ಹತ್ರಾನೇ ಇದೆಯಲ್ಲಪ್ಪ ಕಾರ್ಡು. ಹಿಂದೆ ನೀವೇ ಬರ್ದಿದ್ದೀರಿ. ಅದೇ ತಾರೀಖು" ಎಂದು ಫೋನು ಇಟ್ಟಳು. ಮತ್ತೆ ಎಂದೂ ಎತ್ತಲಿಲ್ಲ.

ಮಗಳ ಊರಿನ ಜನನ-ಮರಣ ದಾಖಲೆಯ ಕಚೇರಿಗೆ ಹೋಗಿ ವಿಚಾರಿಸಬಹುದಿತ್ತು ಅಂತೀರಾ? ನನ್ನ ಹೆಂಡತಿ ಯಾವತ್ತು ಸತ್ತಳು, ಸ್ವಲ್ಪ ನೋಡಿ ಹೇಳಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುತ್ತಾನೆ? ಎರಡು ಸಲ ಬಸ್ಸಿನ ನಿಲ್ದಾಣದವರೆಗೆ ಹೋಗಿ ಹಿಂದಿರುಗಿದ. ಕೊನೆಗೆ, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ, ಅವಳಿಗೆ ಇನ್ನೊಂದು ಕಾರ್ಡು ಬರೆಸಬೇಕು, ವರ್ಷಾ ವರ್ಷಾ ಅವಳ ಹೆಸರು ಬರುವ ಹಾಗೆ ಮಾಡಬೇಕು ಎಂದು ಅವನಿಗೆ ಹೊಳೆಯಿತು. ಹೊಸಬಳಿಗೆ ಫೋನು ಮಾಡಿದ.

"ಅಮ್ಮಾ, ಅವಳು ಹೋದ್ಲು. ಈ ಸಲ ನಿಜವಾಗ್ಲೂ. ಸಾವಿನ ಗೂಡಿಗೆ ಒಂದು ಕಾರ್ಡು ಬರಿಯಮ್ಮ. ಚೆನ್ನಾಗಿ ಬರಿ. ಒಂಬತ್ತು ಗಂಟೆ ನಲವತ್ತು ನಿಮಿಷ."

"ಅಯ್ಯೋ, ಪಾಪ... ಖಂಡಿತ ಬರೀತೀನಿ ಸರ್" ಎಂದಳು ಅವಳು. ಡ್ರಾಯರ್ ಎಳೆದ ಸದ್ದು ಇವನಿಗೆ ಕೇಳಿಸಿತು. "ಯಾವ ತಾರೀಖಿನ ಗೂಡಿಗೆ ಸರ್?"

ತಾರೀಖಪ್ಪ ಮೇಜಿನ ಮೇಲಿದ್ದ ಮೂಲೆಯಿಲ್ಲದ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸರ್? ತಾರೀಖು?"

"ಗೊತ್ತಿಲ್ಲಮ್ಮ" ಎಂದ.